ಒಂದೇ ಈಡಿಗೆ ಒಂದು ಚಕಮಕಿ ಕೋವಿ

ನಾನಿರೋ ಪೆನ್ಸಿಲ್ವೇನಿಯಾದಲ್ಲಿ ಬೇಟೆಯ ನಿಯಮದ ಪುಸ್ತಕ ತಿರುವಿ ಹಾಕ್ತಿದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಜಿಂಕೆಗೆ ಒಯ್ಯೋ ಫ್ಲಿಂಟ್‌ಲಾಕ್ ಅಂದ್ರೆ ಚಕಮಕಿ ಕಲ್ಲಿನ ರೈಫಲ್ .44 ಕ್ಯಾಲಿಬರಿಗಿಂತ ಕಮ್ಮಿ ಇರಬಾರದು (ಕ್ಯಾಲಿಬರ್ ಅಂದ್ರೆ ನಳಿಗೆಯ ತೂತಿನ ಅಗಲ, ಇಂಚಿನ ಲೆಕ್ಕದಲ್ಲಿ), ಅಳಿಲು ಮೊಲದಂಥ ಸಣ್ಣ ಬೇಟೆಗೆ ನಳಿಗೆ ಬಾಯಿಂದ ಮದ್ದು ತುಂಬೋ ರೈಫಲ್ ತಗೊಂಡು ಹೋದ್ರೆ ಅದು .40ಕ್ಕಿಂತ ಜಾಸ್ತಿ ಇರಬಾರದು. ಅಂದ್ರೆ ಒಂದೇ ಕೋವಿ ಎರಡಕ್ಕೂ ಆಗೋದಿಲ್ಲ. ನನ್ನ ಹತ್ರ ಇದ್ದದ್ದು .50. ಕ್ರಿಸ್ಮಸ್ ಆದ್ಮೇಲೆ ಬರೋ ಜಿಂಕೆಯ ಫ್ಲಿಂಟ್‌ಲಾಕ್ ಸೀಸನ್ನಿಗೆ ಅಂತ ತಗೊಂಡಿದ್ದು, ಆ ಸೀಸನ್ ಈ ರಾಜ್ಯದಲ್ಲಿ 1974ರಿಂದ ನಡ್ಕೊಂಡು ಬಂದಿದೆ, ಇವತ್ತಿಗೂ ಅದಕ್ಕೆ ಚಕಮಕಿ ಕಲ್ಲಿನ ಕೋವಿನೇ ಬೇಕು. ಹಿಮದಲ್ಲಿ ನಿಂತು ಕಲ್ಲು ಉಕ್ಕು ತಾಗಿ ಕಿಡಿ ಹಾರಿ ಮದ್ದು ಹತ್ತೋದನ್ನ ಒಂದು ಸಲ ನೋಡಿದವರಿಗೆ ಆ ಹುಚ್ಚು ಬಿಡೋದಿಲ್ಲ, ನನಗೂ ಬಿಡ್ಲಿಲ್ಲ. ಸೆಪ್ಟೆಂಬರಿನಿಂದ ಶುರುವಾಗೋ ಅಳಿಲಿನ ಸೀಸನ್ನಿಗೂ ಒಂದು ಚಕಮಕಿ ಕೋವಿ ಬೇಕು ಅಂತ ಅನ್ನಿಸಿದ್ದು ಹಾಗೆ. ಆ ಕೋವಿ ಆರಿಸೋಕೆ ನನಗೆ ಹೆಚ್ಚುಕಮ್ಮಿ ಎರಡು ವರ್ಷ ಹಿಡೀತು, ನಡುವೆ ಒಂದು ತಪ್ಪು ಕೋವಿನೂ ಮನೆಗೆ ಬಂತು.

ಫೋನಲ್ಲಿ ಅಮ್ಮನಿಗೆ ಹೇಳಿದಾಗ ಒಂದು ಕ್ಷಣ ಮಾತೇ ಇಲ್ಲ. ಆಮೇಲೆ "ಅಳಿಲಾ? ರಾಮ ಬೆನ್ನು ಸವರಿದ ಅಳಿಲು ಕಣೋ ಅದು" ಅಂದ್ಲು. ಇಲ್ಲಿಯ ಅಳಿಲು ಬೇರೆ ಅಮ್ಮ, ಬೆನ್ನ ಮೇಲೆ ಮೂರು ಗೆರೆ ಇರಲ್ಲ, ಬೂದು ಬಣ್ಣ, ತೂಕ ಅರ್ಧ ಕೇಜಿ ಹತ್ತಿರ ಬರುತ್ತೆ, ಇಲ್ಲಿಯವರು ಮುನ್ನೂರು ವರ್ಷದಿಂದ ತಿಂತಾ ಇದ್ದಾರೆ, ಅವರಿಗಿಂತ ಮುಂಚೆ ಇಲ್ಲೇ ಇದ್ದವರೂ ತಿಂತಿದ್ರು ಅಂತೆಲ್ಲಾ ಹೇಳಿದೆ. ಅವಳು ಅದನ್ನೆಲ್ಲ ಕೇಳಿಸ್ಕೊಂಡು ಕೊನೆಗೆ ಒಂದೇ ಮಾತು ಹೇಳಿದ್ಲು, "ಹೊಡೆಯೋದಾದ್ರೆ ನರಳಿಸ್ಬೇಡ." ಕೋವಿ ಆರಿಸೋವಾಗ ನಾನು ಓದಿದ ಎಷ್ಟೋ ಸಲಹೆಗಳಲ್ಲಿ ಇದರಷ್ಟು ಕೆಲಸಕ್ಕೆ ಬಂದಿದ್ದು ಇನ್ನೊಂದಿಲ್ಲ. ಆದ್ರೆ ಅದು ನನಗೆ ಅರ್ಥ ಆಗಿದ್ದು ತಡವಾಗಿ.

ಈ ಕೋವಿಯ ಬಗ್ಗೆ ಮಾತು ತೆಗೆದ್ರೆ ಎಲ್ಲರೂ ಮೊದಲು ಕೇಳೋದು ಕ್ಯಾಲಿಬರ್. ನಾನೂ ಅಲ್ಲಿಂದಾನೇ ಶುರು ಮಾಡಿದ್ದು. ಇಲ್ಲಿ ಗುಂಡಿನ ತೂಕ, ಮದ್ದಿನ ಅಳತೆ ಎಲ್ಲಾ ಗ್ರೇನ್ ಲೆಕ್ಕದಲ್ಲಿ, ಗ್ರೇನ್ ಅಂದ್ರೆ ಗ್ರಾಂ ಅಲ್ಲ, ಒಂದು ಪೌಂಡಿಗೆ 7000 ಗ್ರೇನ್. ನನ್ನ .50 ಕೋವಿಯ ಗುಂಡು ಸುಮಾರು 177 ಗ್ರೇನ್ ತೂಗುತ್ತೆ, ಅದನ್ನ ಅಳಿಲಿಗೆ ಹೊಡೆದ್ರೆ ತಿನ್ನೋಕೆ ಏನೂ ಉಳಿಯಲ್ಲ, ನಿಯಮ ಬಿಟ್ಟರೂ ಅದು ಸರಿಯಲ್ಲ. .32 ಕೋವಿಗೆ ಹಾಕೋ .310 ಇಂಚಿನ ಸೀಸದ ಗುಂಡು ಬರೀ 45 ಗ್ರೇನ್, ಈಗಿನ .22 ತೋಟಾದ ಗುಂಡು ಸಾಮಾನ್ಯವಾಗಿ 40 ಗ್ರೇನ್ ಇರುತ್ತೆ ಅಂದ್ರೆ ಹೆಚ್ಚುಕಮ್ಮಿ ಅದೇ. .36ಕ್ಕೆ ಹಾಕೋ .350 ಗುಂಡು 65 ಗ್ರೇನ್ ಹತ್ತಿರ, .40ಕ್ಕೆ ಹಾಕೋ .390 ಗುಂಡು 89. ಒಂದು ಪೌಂಡ್ ಸೀಸ ಕರಗಿಸಿ ಎರೆದ್ರೆ .32ಕ್ಕೆ ನೂರೈವತ್ತರ ಮೇಲೆ ಗುಂಡು ಆಗುತ್ತೆ, .36ಕ್ಕೆ ನೂರಾ ಎಂಟು ಹತ್ತಿರ, ಅದೇ .50ಕ್ಕೆ ನಲವತ್ತು ಕೂಡಾ ತುಂಬಲ್ಲ. ಮದ್ದೂ ಹಂಗೇ, .32 ಹದಿನೈದು ಇಪ್ಪತ್ತು ಗ್ರೇನಲ್ಲಿ ಮುಗಿಯುತ್ತೆ, ಜಿಂಕೆ ಕೋವಿಗೆ ನಾನು ಎಪ್ಪತ್ತು ಹಾಕ್ತೀನಿ.

ಹಿಂದಿನವರು ಸಣ್ಣ ನಳಿಗೆ ಇಷ್ಟಪಟ್ಟಿದ್ದಕ್ಕೆ ಕಾರಣ ಇಲ್ಲೇ ಇದೆ. ಈ ರಾಜ್ಯದ ಲ್ಯಾಂಕಾಸ್ಟರ್ ಸುತ್ತಮುತ್ತ ನೆಲೆ ಊರಿದ ಜರ್ಮನ್ ಕಮ್ಮಾರರು ತಮ್ಮ ಕಡೆಯ ಯೇಗರ್ ಅನ್ನೋ ಗಿಡ್ಡ, ದಪ್ಪ ಬಾಯಿಯ ಬೇಟೆ ರೈಫಲ್ಲನ್ನ ಉದ್ದ ಮಾಡ್ತಾ, ಬಾಯಿ ಸಣ್ಣ ಮಾಡ್ತಾ ಹೋದ್ರು, ಅದೇ ಮುಂದೆ ಕೆಂಟಕಿ ರೈಫಲ್ ಅಂತ ಹೆಸರಾಯ್ತು, ಹುಟ್ಟಿದ್ದು ಮಾತ್ರ ಪೆನ್ಸಿಲ್ವೇನಿಯಾದಲ್ಲಿ. ಸೀಸ, ಮದ್ದು ಎರಡನ್ನೂ ಬೆನ್ನ ಮೇಲೆ ಹೊತ್ತು ತಿಂಗಳುಗಟ್ಟಲೆ ಕಾಡಲ್ಲಿರೋ ಮನುಷ್ಯನಿಗೆ ಒಂದು ಪೌಂಡಿಗೆ ಎಷ್ಟು ಈಡು ಅನ್ನೋದು ಊಟದ ಲೆಕ್ಕ. ದೊಡ್ಡ ಪ್ರಾಣಿಗಳು ಕಮ್ಮಿ ಆಗ್ತಾ ಬಂದ ಮೇಲೆ, 1800ರ ಆಚೆಗೆ, ಇನ್ನೂ ಸಣ್ಣ ನಳಿಗೆಯ ಕೋವಿಗಳು ಜಾಸ್ತಿ ಆದವು, ಅವನ್ನೇ ಈಗ ಸ್ಕ್ವಿರಲ್ ರೈಫಲ್ ಅಂತಾರೆ.

ಅಳಿಲು ಬೇಟೆ ಅಂದ್ರೆ ಇಲ್ಲಿ ಯಾರಾದ್ರೂ ಹಳೇ ಕಾಲದ ಹೆಸರಾಂತ ಬೇಟೆಗಾರ ಡೇನಿಯಲ್ ಬೂನ್ ಕಥೆ ತೆಗೆದೇ ತೆಗೀತಾರೆ. ಹಕ್ಕಿ ಚಿತ್ರಗಾರ ಆಡುಬಾನ್ ಬರೆದಿಟ್ಟ ಪ್ರಕಾರ ಕೆಂಟಕಿ ನದಿ ದಂಡೆಯಲ್ಲಿ ಬೂನ್ ಅಳಿಲಿಗೆ ಗುಂಡು ತಾಗಿಸದೇ ಅದು ಕೂತಿದ್ದ ಕೊಂಬೆಯ ತೊಗಟೆಗೆ ಹೊಡೀತಿದ್ನಂತೆ, ತೊಗಟೆ ಸಿಡಿದ ಹೊಡೆತಕ್ಕೇ ಅಳಿಲು ಸತ್ತು ಕೆಳಗೆ ಬೀಳ್ತಿತ್ತಂತೆ, ಮಾಂಸ ಒಂಚೂರೂ ಹಾಳಾಗದೇ. ಬೂನ್ 1799ರಲ್ಲೇ ಕೆಂಟಕಿ ಬಿಟ್ಟು ಮಿಸೌರಿ ಕಡೆ ಹೋಗಿದ್ದ, ಆಡುಬಾನ್ ಅಮೆರಿಕಾಗೆ ಕಾಲಿಟ್ಟಿದ್ದೇ 1803ರಲ್ಲಿ, ಹಂಗಾಗಿ ಇಬ್ಬರೂ ಅಲ್ಲಿ ಸಿಕ್ಕಿದ್ದು ಹೇಗೆ ಅಂತ ತುಂಬಾ ಜನಕ್ಕೆ ಅನುಮಾನ ಇದೆ. ಕಥೆ ಏನೇ ಇರ್ಲಿ, ಅದನ್ನ ಓದಿ 45 ಗ್ರೇನ್ ಗುಂಡಲ್ಲಿ ತೊಗಟೆಗೆ ಹೊಡೆಯೋಕೆ ಹೋಗೋದು ಬೇಡ ಅಂತ ನಾನು ಯಾರಿಗಾದ್ರೂ ಹೇಳ್ತೀನಿ. ಅರ್ಧ ಪೆಟ್ಟು ತಿಂದ ಅಳಿಲು ಹಾಗೇ ಪೊಟರೆ ಸೇರುತ್ತೆ. ತಲೆಗೆ ಗುರಿ ಇಡೋದು, ಇಲ್ಲಾಂದ್ರೆ ಬಿಡೋದು. ಸೀಸ ಬೆರೆತ ಮಾಂಸ ತಿನ್ನೋದು ತಪ್ಪೋದಕ್ಕೂ ತಲೆ ಈಡೇ ದಾರಿ.

ಲೆಕ್ಕ ಎಲ್ಲಾ ನೋಡಿ ನಾನು .32 ಅಂತ ತೀರ್ಮಾನ ಮಾಡಿಬಿಟ್ಟೆ. ಸೆಕೆಂಡ್ ಹ್ಯಾಂಡ್ ಒಂದು ಸಿಕ್ತು, ಮೇಪಲ್ ಮರದ ಸ್ಟಾಕ್ ಅಂದ್ರೆ ಕೋವಿಯ ಮರದ ಭಾಗ, ಹುಲಿಪಟ್ಟೆ ಥರ ಗೆರೆ, ಫೋಟೋದಲ್ಲಿ ನೋಡಿನೇ ಮನಸೋತಿದ್ದೆ. ಅಮೆರಿಕಾದ 1968ರ ಕೋವಿ ಕಾನೂನಿನಲ್ಲಿ ಚಕಮಕಿ ಕೋವಿಗಳು ಆಂಟಿಕ್ ಅಂದ್ರೆ ಪುರಾತನ ವಸ್ತುವಿನ ಲೆಕ್ಕಕ್ಕೆ ಬರ್ತವೆ, ಹೊಸದಾಗಿ ಮಾಡಿದ್ದಾದ್ರೂ ಸರಿ, ಹಂಗಾಗಿ ಈ ರಾಜ್ಯದಲ್ಲಿ ಮನೆ ಬಾಗಿಲಿಗೇ ಬರುತ್ತೆ, ಬೇರೆ ರಾಜ್ಯಗಳಲ್ಲಿ ನಿಯಮ ಬೇರೆ ಇರಬಹುದು, ನೋಡ್ಕೊಳ್ಳಿ. ಪೆಟ್ಟಿಗೆ ತೆಗೆದು ಕೈಗೆ ತಗೊಂಡಾಗ ಮೊದಲು ಗೊತ್ತಾಗಿದ್ದು ಭಾರ. ನನ್ನ .50ಗಿಂತ ಭಾರ! ಸಣ್ಣ ಕೋವಿ ಹಗುರ ಇರುತ್ತೆ ಅಂತ ಅನ್ಕೊಳ್ಳೋದು ಸಹಜ, ಆದ್ರೆ ಯೋಚನೆ ಮಾಡಿ, ಹೊರಗಿನ ದಪ್ಪ ಅಷ್ಟೇ ಇದ್ದು ಒಳಗಿನ ತೂತು ಸಣ್ಣದಾದ್ರೆ ಉಳಿಯೋದು ಕಬ್ಬಿಣ. ಎಂಟು ಮುಖದ, 13/16 ಇಂಚು ದಪ್ಪದ, 42 ಇಂಚು ಉದ್ದದ ಬ್ಯಾರಲ್‌ಗೆ ನಾನೇ ಕೂತು ಲೆಕ್ಕ ಹಾಕಿದೆ, .45 ತೂತು ಕೊರೆದಿದ್ದಕ್ಕಿಂತ .32 ತೂತು ಕೊರೆದಿದ್ದು ಸುಮಾರು 400 ಗ್ರಾಂ ಜಾಸ್ತಿ ತೂಗುತ್ತೆ. ಆ ಭಾರದಲ್ಲಿ ಅರ್ಧಕ್ಕರ್ಧ ನಳಿಗೆಯ ಮುಂದಿನ ಭಾಗದಲ್ಲಿ, ಎಡಗೈಯಿಂದ ಆಚೆ. ಮರಕ್ಕೆ ಒರಗಿಸಿ ಹೊಡೆಯೋವಾಗ ಅದು ಒಳ್ಳೇದೇ, ಅಲ್ಲಾಡಲ್ಲ. ಕೂತಲ್ಲೇ ಕತ್ತೆತ್ತಿ, ಮೇಲಿನ ಕೊಂಬೆ ಕಡೆ ಕೋವಿ ಹಿಡ್ಕೊಂಡು ಅಳಿಲು ತಲೆ ತಿರುಗಿಸಲಿ ಅಂತ ಕಾಯೋವಾಗ ಎರಡು ನಿಮಿಷಕ್ಕೆ ತೋಳು ನಡುಗೋಕೆ ಶುರು ಆಗುತ್ತೆ. ಹಿಂದಿನ ಕಮ್ಮಾರರು ಬ್ಯಾರಲ್ಲನ್ನ ಬುಡದಲ್ಲಿ ದಪ್ಪ, ನಡುವಲ್ಲಿ ಸಪೂರ, ತುದಿಯಲ್ಲಿ ಮತ್ತೆ ಚೂರು ಅಗಲ ಮಾಡಿ ಅರ ಹಾಕ್ತಿದ್ರು, ಅಂಥ ಬ್ಯಾರಲ್ಲಿಗೆ ಸ್ವಾಂಪ್ಡ್ ಬ್ಯಾರಲ್ ಅಂತಾರೆ. ಅದು ಚಂದಕ್ಕೆ ಮಾಡಿದ್ದು ಅಂತ ನಾನು ಅನ್ಕೊಂಡಿದ್ದೆ. ಕೈಯಲ್ಲಿ ಹಿಡಿದ ಮೇಲೆ ಗೊತ್ತಾಯ್ತು.

ಭಾರ ಆದ್ರೂ ಅಭ್ಯಾಸ ಆಗುತ್ತೆ ಅಂತ ಆ ಕೋವಿನ ಕಾಡಿಗೆ ಒಯ್ದೆ. ಅಕ್ಟೋಬರ್, ಸ್ಟೇಟ್ ಗೇಮ್ ಲ್ಯಾಂಡ್ಸ್ ಅನ್ನೋ ಸರ್ಕಾರಿ ಬೇಟೆ ಕಾಡು, ಹಿಕರಿ ಮರದ ಕೆಳಗೆ ಸಿಪ್ಪೆ ಚೂರು ಉದುರ್ತಾ ಇದೆ, ಅಳಿಲು ಮೇಲೆ ಕಾಯಿ ಕೊರೀತಿದೆ ಅಂತ ಅದರ ಅರ್ಥ, ಎಲೆ ಮೇಲೆ ಹನಿ ಮಳೆ ಬಿದ್ದಂಗೆ ಸದ್ದು. ಅದು ಕಾಂಡದ ಮೇಲೆ ಇಳಿದು ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿತು. ಗುರಿ ಸರಿ ಇತ್ತು. ಕುದುರೆ ಅಂದ್ರೆ ಕಲ್ಲು ಕಚ್ಚಿರೋ ಸುತ್ತಿಗೆ ಬಿತ್ತು, ಪಕ್ಕದ ಬಟ್ಟಲಲ್ಲಿದ್ದ ರಂಜಕ ಅಂದ್ರೆ ಕಿಡಿಗೆ ಮೊದಲು ಹತ್ತೋ ಮದ್ದು ಹತ್ತಿಕೊಳ್ತು, ಆಮೇಲೆ ಏನೂ ಇಲ್ಲ, ನಾನು ಏನಾಯ್ತು ಅಂತ ತಲೆ ಎತ್ತೋಕೂ ಕೋವಿ ಸಿಡಿಯೋಕೂ ಸರಿಹೋಯ್ತು. ಈ ತಡವಾದ ಈಡಿಗೆ ಹ್ಯಾಂಗ್‌ಫೈರ್ ಅಂತಾರೆ. ಬೆಳಕು ಕಂಡು ಅಳಿಲು ಆಗ್ಲೇ ಹೊರಳಿತ್ತು, ಗುಂಡು ಹಿಂಗಾಲಿಗೆ ಬಿತ್ತು. ಅದು ಮುಂಗಾಲಲ್ಲೇ ತೊಗಟೆ ಹಿಡಿದು ಎಳ್ಕೊಂಡು ಎಳ್ಕೊಂಡು ಮೇಲೆ ಹೋಗಿ ಪೊಟರೆ ಸೇರ್ಕೊಳ್ತು. ಮಧ್ಯಾಹ್ನದವರೆಗೂ ಆ ಮರದ ಕೆಳಗೆ ಕೂತಿದ್ದೆ. ಅದು ಹೊರಗೆ ಬರ್ಲಿಲ್ಲ. ಆ ಸೀಸನ್ನಿನಲ್ಲಿ ಮತ್ತೆ ಕೋವಿ ಮುಟ್ಟಲಿಲ್ಲ, ಅಮ್ಮನಿಗೂ ಹೇಳಲಿಲ್ಲ.

ಆ ಚಳಿಗಾಲ ಪೂರ್ತಿ ನಾನು ಓದಿದ್ದು, ಕೇಳಿದ್ದು, ಬಿಚ್ಚಿ ಜೋಡಿಸಿದ್ದು ಎಲ್ಲಾ ಲಾಕ್ ಬಗ್ಗೆ. ಲಾಕ್ ಅಂದ್ರೆ ಕೋವಿಯ ಪಕ್ಕದಲ್ಲಿರೋ ಆ ಯಂತ್ರ, ಕುದುರೆ, ಅದರ ಬಾಯಲ್ಲಿ ಕಚ್ಚಿರೋ ಚಕಮಕಿ ಕಲ್ಲು, ಕಲ್ಲು ಬಡಿಯೋ ಉಕ್ಕಿನ ತಟ್ಟೆ ಅಂದ್ರೆ ಫ್ರಿಜನ್, ಅದರ ಕೆಳಗೆ ರಂಜಕದ ಬಟ್ಟಲು, ಒಳಗೆ ಸ್ಪ್ರಿಂಗುಗಳು. 1610ರ ಸುಮಾರಿಗೆ ಫ್ರಾನ್ಸಿನ ಮಾರಾಂ ಲೆ ಬುರ್ಜ್ವಾ ಇದಕ್ಕೆ ಒಂದು ರೂಪ ಕೊಟ್ಟ ಮೇಲೆ ಇನ್ನೂರು ವರ್ಷ ಇದರ ಮೂಲ ಬದಲಾಗಿಲ್ಲ. ನಾನು ತಿಳ್ಕೊಂಡ ಮೊದಲನೇ ವಿಷಯ, ಕಿಡಿ ಬರೋದು ಕಲ್ಲಿಂದ ಅಲ್ಲ. ಕಲ್ಲಿನ ಹರಿತ ಅಂಚು ಫ್ರಿಜನ್ನಿನ ಉಕ್ಕನ್ನ ಎಳೆ ಎಳೆಯಾಗಿ ಕೆರೆಯುತ್ತೆ, ಆ ಉಕ್ಕಿನ ಚೂರುಗಳೇ ಕೆಂಪಗೆ ಉರೀತಾ ಬಟ್ಟಲಿಗೆ ಬೀಳೋದು. ಹಂಗಾಗಿ ಫ್ರಿಜನ್ ಸರಿಯಾಗಿ ಗಡಸಾಗಿರಬೇಕು. ಮೆತ್ತಗಿದ್ರೆ ಕಲ್ಲು ಅದರಲ್ಲಿ ಗುಳಿ ತೋಡುತ್ತೆ, ಕಿಡಿ ಎರಡೋ ಮೂರೋ ಬರುತ್ತೆ, ಅದೂ ಸಾಯ್ತಾ ಇರೋ ಕಿಡಿ. ನನ್ನ .32 ಫ್ರಿಜನ್ ಮೇಲೆ ಬೆರಳಾಡಿಸಿದ್ರೆ ಅಡ್ಡಡ್ಡ ಗೀರು ಸಿಗ್ತಿತ್ತು, ಮೊದಲ ದಿನಾನೇ ಸಿಕ್ಕಿತ್ತು, ಹಳೇ ಕೋವಿ ಅಲ್ವಾ ಅಂತ ಸುಮ್ಮನಿದ್ದೆ.

ಎರಡನೇದು ಬಟ್ಟಲಿಂದ ಬ್ಯಾರಲ್ ಒಳಗೆ ಬೆಂಕಿ ಹೋಗೋ ದಾರಿ. ಟಚ್‌ಹೋಲ್ ಅಂದ್ರೆ ಒಂದು ಸಣ್ಣ ತೂತು, 1/16 ಇಂಚಿಂದ ಸ್ವಲ್ಪ ದೊಡ್ಡದು ಅಷ್ಟೇ. ಒಳ್ಳೆ ಕೋವಿಗಳಲ್ಲಿ ಆ ತೂತನ್ನ ಒಳಗಡೆಯಿಂದ ಆಲಿಕೆ ಥರ ಅಗಲ ಮಾಡಿರ್ತಾರೆ, ಆಗ ಒಳಗಿನ ಮದ್ದು ಬೆಂಕಿಗೆ ತೀರಾ ಹತ್ರ ಬಂದು ಕೂರುತ್ತೆ. ನನ್ನದರಲ್ಲಿ ನೇರ ಕೊರೆದ ಉದ್ದನೆ ತೂತು, ದಪ್ಪ ಗೋಡೆ ಬೇರೆ, ಅದರೊಳಗೆ ಮಸಿ ಕಟ್ಕೊಂಡಿದ್ರೆ ಬೆಂಕಿ ತಡವರಿಸ್ತಾ ಹೋಗುತ್ತೆ. ಇನ್ನೊಂದು ಅಂದ್ರೆ ಬ್ಯಾರಲ್ಲಿನ ಬುಡ. ಫ್ಯಾಕ್ಟರಿಯಲ್ಲಿ ಮಾಡೋ ಕೆಲವು ಕೋವಿಗಳಿಗೆ ಬುಡದಲ್ಲಿ ನಳಿಗೆಗಿಂತ ಸಣ್ಣದಾದ ಒಂದು ಕೋಣೆ ಇರುತ್ತೆ, ಪೇಟೆಂಟ್ ಬ್ರೀಚ್ ಅಂತಾರೆ, ದೊಡ್ಡ ಕೋವಿಗಳಲ್ಲಿ ಹೇಗೋ ನಡೆಯುತ್ತೆ, .32ನಂಥ ನಳಿಗೆಯಲ್ಲಿ ಆ ಕೋಣೆ ಎಷ್ಟು ಸಣ್ಣ ಅಂದ್ರೆ ಒರೆಸೋ ಬಟ್ಟೆ ಅಲ್ಲಿಗೆ ಇಳಿಯೋದೇ ಇಲ್ಲ. ಮಸಿ ಅಲ್ಲೇ ಕೂತು ತೇವ ಎಳ್ಕೊಂಡು ಅಂಟಾಗುತ್ತೆ. ಕೊಳ್ಳೋ ಮುಂಚೆ ಬುಡ ಎಂಥದ್ದು ಅಂತ ಕೇಳಿ, ಚಪ್ಪಟೆ ಬುಡ ಇದ್ರೆ ಒಳ್ಳೇದು.

ನಾನು ಹೋಗೋ ಕೋವಿ ಕ್ಲಬ್ಬಿನಲ್ಲಿ ಒಬ್ರು ಹೆಂಗಸು ಇದ್ದಾರೆ, ಅರವತ್ತು ದಾಟಿದೆ, ಸ್ಕೂಲ್ ಬಸ್ ಓಡಿಸ್ತಿದ್ದವರು, ಚಿಕ್ಕವರಿದ್ದಾಗಿಂದ ಚಕಮಕಿ ಕೋವಿ ಹಿಡಿದವರು. ಅವರ ಹತ್ರ ಆ ದಿನ ನಡೆದಿದ್ದು ಹೇಳಿದಾಗ ಸಮಾಧಾನ ಮಾಡೋಕೆ ಹೋಗಲಿಲ್ಲ. "ಬಾ" ಅಂತ ಶೆಡ್ಡಿಗೆ ಕರ್ಕೊಂಡು ಹೋಗಿ ಬಾಗಿಲು ಹಾಕಿದ್ರು, ಒಳಗೆ ಅರೆಗತ್ತಲೆ. ಎರಡೂ ಕೋವಿ ಖಾಲಿ ಇದೆ ಅಂತ ಗಜ ಅಂದ್ರೆ ಗುಂಡು ತಳ್ಳೋ ಕೋಲು ಇಳಿಸಿ ನೋಡಿದ್ರು, ಬಟ್ಟಲಿಗೂ ಮದ್ದು ಹಾಕಲಿಲ್ಲ. ಮೊದಲು ನನ್ನ .32 ಕುದುರೆ ಬಿಟ್ರು, ಎರಡು ಕೆಂಪು ಚುಕ್ಕಿ, ಒಂದು ಬಟ್ಟಲಿಂದ ಆಚೆ ಬಿತ್ತು. ಆಮೇಲೆ ಅವರದೇ .36. ಬಿಳೀ ಕಿಡಿಗಳು ಗುಂಪಾಗಿ ಬಟ್ಟಲೊಳಗೆ ಸುರಿದವು, ಬಿದ್ದ ಮೇಲೂ ಅಲ್ಲೇ ಒಂದು ಕ್ಷಣ ಚಟಪಟ ಅಂತ ಕುಣಿದವು. "ಕಿಡಿ ಬಿಳೀ ಇರಬೇಕು, ಬಿದ್ಮೇಲೂ ಜೀವ ಇರಬೇಕು. ಕ್ಯಾಲಿಬರ್ ಆಮೇಲೆ ಕೇಳು" ಅಂದ್ರು. ನಾನು ಎರಡು ವರ್ಷ ಓದಿದ್ದನ್ನೆಲ್ಲ ಅವರು ಎರಡು ಸಲ ಕುದುರೆ ಬಿಟ್ಟು ತೋರಿಸಿದ್ರು.

ಹಂಗಾಗಿ ಎರಡನೇ ಕೋವಿ ಹುಡುಕೋವಾಗ ನಾನು ಫೋಟೋ ನೋಡಿ ಒಂದೂ ಮಾತಾಡಲಿಲ್ಲ. ಕಂಡಕಂಡಲ್ಲಿ ಮಾರೋವ್ರನ್ನ ಕೇಳಿ, ಅವರ ಅನುಮತಿ ತಗೊಂಡು, ಖಾಲಿ ಇದೆ ಅಂತ ಖಾತ್ರಿ ಮಾಡ್ಕೊಂಡು ನೆರಳಲ್ಲಿ ಕಿಡಿ ನೋಡಿದೆ. ಕುದುರೆ ಅರ್ಧ ಎಳೆದಾಗ ಭದ್ರ ನಿಲ್ಲುತ್ತಾ, ಆ ಸ್ಥಿತಿಯಲ್ಲಿ ಟ್ರಿಗರ್ ಒತ್ತಿದ್ರೆ ಬೀಳಲ್ವಾ ಅಂತ ನೋಡಿದೆ, ಅಲ್ಲಿ ಬೀಳೋ ಕೋವಿ ಎಷ್ಟೇ ಚಂದ ಇರ್ಲಿ ಬೇಡ. ಲಾಕ್ ಬಿಚ್ಚೋಕೆ ಬಿಟ್ರೆ ಬಿಚ್ಚಿ ನೋಡಿದೆ. ಒಳ್ಳೆ ಲಾಕಿನ ಸದ್ದೇ ಬೇರೆ, ಕುದುರೆ ಎಳೆಯೋವಾಗ ಎರಡು ಸಲ ಟಕ್ ಟಕ್ ಅಂತ ಖಚಿತವಾಗಿ ಕೂರುತ್ತೆ, ನಡುವೆ ಕರಕರ ಇರಲ್ಲ. ಕಿಟ್ ತಗೊಂಡು ಮನೆಯಲ್ಲೇ ಜೋಡಿಸೋ ದಾರಿನೂ ಇದೆ, ಓಹಾಯೋದ ಜಿಮ್ ಕಿಬ್ಲರ್ ಕಂಪನಿ ಮಾಡೋ ಸದರ್ನ್ ಮೌಂಟನ್ ರೈಫಲ್ ಕಿಟ್ ಈ ಸಣ್ಣ ಕ್ಯಾಲಿಬರ್‌ಗಳಲ್ಲಿ ಸಿಗುತ್ತೆ, ಮರ ಯಂತ್ರದಲ್ಲೇ ಕೊರೆದಿರೋದ್ರಿಂದ ಮರಗೆಲಸ ಗೊತ್ತಿಲ್ದವರೂ ತಾಳ್ಮೆಯಿಂದ ಮಾಡ್ಕೋಬಹುದು. ನನಗೆ ಆ ತಾಳ್ಮೆ ಇದ್ದಿದ್ರೂ ಜಾಗ ಇರಲಿಲ್ಲ.

ಕೊನೆಗೆ ತಗೊಂಡಿದ್ದು .36, ಸ್ವಾಂಪ್ಡ್ ಬ್ಯಾರಲ್, ಕಬ್ಬಿಣದ ಫಿಟ್ಟಿಂಗ್, ಅಲಂಕಾರ ಏನಿಲ್ಲ, ವಾಲ್‌ನಟ್ ಮರ. .32 ಯಾಕಲ್ಲ ಅಂದ್ರೆ, ಹತ್ತಿರದ ಈಡಿಗೆ ಅದು ಸಾಲುತ್ತೆ, ಅದರ ಮೇಲೆ ದೂರಿಲ್ಲ, ಆದ್ರೆ ಅಷ್ಟು ಹಗುರದ ಗುಂಡನ್ನ ಗಾಳಿ ಬೇಗ ಪಕ್ಕಕ್ಕೆ ತಳ್ಳುತ್ತೆ, ಮಸಿ ಬೇಗ ಕಟ್ಟಿ ನಾಲ್ಕೈದು ಈಡಿಗೆ ನಳಿಗೆ ಬಿಗಿಯಾಗುತ್ತೆ, ಗಜ ಪೆನ್ಸಿಲ್‌ಗಿಂತ ಸಪೂರ ಇರಬೇಕಾಗಿ ಬಂದು ಮರದ ಗಜ ಮುರಿದ್ರೆ ಚೂಪು ತುದಿ ಅಂಗೈಗೇ ಇಳಿಯುತ್ತೆ, ಚಳಿಗೆ ಮರಗಟ್ಟಿದ ಬೆರಳಲ್ಲಿ ಬಟಾಣಿಗಿಂತ ಸಣ್ಣ ಗುಂಡು ಹಿಡಿಯೋದು ಕಷ್ಟ, ನನ್ನ ಕೈಯಿಂದ ಎಷ್ಟೋ ಗುಂಡು ಎಲೆಯೊಳಗೆ ಬಿದ್ದು ಹೋಗಿದೆ. .40 ಯಾಕಲ್ಲ ಅಂದ್ರೆ ಅದು ಗುರಿ ಪಂದ್ಯಕ್ಕೆ ಬಂಗಾರದಂಥ ಕೋವಿ, ಗಾಳಿಗೂ ನಿಲ್ಲುತ್ತೆ, ಅಳಿಲಿಗೆ ಮಾತ್ರ ಬೇಕಾದ್ದಕ್ಕಿಂತ ಜಾಸ್ತಿ. ನಿಮಗೆ ಕೈಗೆ ಸಿಕ್ಕಿದ ಒಳ್ಳೆ ಲಾಕಿನ ಕೋವಿ .32 ಆಗಿದ್ರೆ ಅದನ್ನೇ ತಗೊಳ್ಳಿ, .36 ಸಿಗಲಿ ಅಂತ ಕೆಟ್ಟ ಲಾಕ್ ತಗೋಬೇಡಿ, ನಾನು ಹೇಳೋದು ಅಷ್ಟೇ.

ಕೆನ್ನೆ ಸ್ಟಾಕಿಗೆ ಇಟ್ಟ ಕೂಡ್ಲೇ ಕಣ್ಣು ಗುರಿ ನೋಡೋ ಸೈಟ್ ಸಾಲಿಗೆ ಬರಬೇಕು, ಕತ್ತು ಹುಡುಕ್ಕೊಂಡು ಹೋಗಬಾರದು. ಹಿತ್ತಾಳೆ ಫಿಟ್ಟಿಂಗ್ ಚಂದ, ಬಿಸಿಲಿಗೆ ಹೊಳೆಯುತ್ತೆ, ಅಳಿಲಿಗೆ ಅದು ಕಂಡ್ರೂ ಕಾಣದಿದ್ರೂ ನನ್ನ ಮನಸ್ಸಿಗೆ ಕಬ್ಬಿಣಾನೇ ಹಿತ. ಎಡಗೈಯವರು ಎಡಗಡೆ ಲಾಕ್ ಇರೋದನ್ನೇ ಹುಡುಕಿ, ಬಲಗಡೆ ಲಾಕ್ ಹಿಡಿದ್ರೆ ರಂಜಕದ ಬೆಂಕಿ ಮುಖದ ಹತ್ತಿರಾನೇ ಏಳುತ್ತೆ. ಯಾವ ಕೈಯವರಾದ್ರೂ ಕನ್ನಡಕ ಬೇಕೇ ಬೇಕು.

ಮದ್ದಿನ ವಿಷಯದಲ್ಲಿ ಒಂದು ಮಾತು. ಚಕಮಕಿ ಕೋವಿಗೆ ಅಸಲಿ ಕರಿಮದ್ದೇ ಬೇಕು, ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ್ದು. ಅಂಗಡಿಯಲ್ಲಿ ಸುಲಭಕ್ಕೆ ಸಿಗೋ ಪೈರೋಡೆಕ್ಸ್ ಥರದ ಬದಲಿ ಮದ್ದುಗಳಿಗೆ ಹತ್ತಿಕೊಳ್ಳೋಕೆ ಜಾಸ್ತಿ ಕಾವು ಬೇಕು, ಚಕಮಕಿಯ ಕಿಡಿಗೆ ಅವು ನೆಚ್ಚಿಕೊಂಡು ಹತ್ತಲ್ಲ. ನಿಮ್ಮೂರ ಕಡೆ ಅಸಲಿ ಕರಿಮದ್ದು ಸಿಗುತ್ತಾ ಅಂತ ಕೋವಿ ತಗೊಳ್ಳೋ ಮುಂಚೆ ವಿಚಾರಿಸಿ. ಒಳಗಡೆಗೆ ತ್ರಿಬಲ್ ಎಫ್ ಅನ್ನೋ ಸಣ್ಣ ಕಾಳಿನ ಮದ್ದು, ಬಟ್ಟಲಿಗೆ ಅದಕ್ಕಿಂತ ನುಣ್ಣಗಿರೋ ಫೋರ್ ಎಫ್. ಕಲ್ಲಿಗೆ ನಾನು ಇಂಗ್ಲೆಂಡಿನ ಕಪ್ಪು ಚಕಮಕಿ ಬಳಸ್ತೀನಿ, ಸಫೊಕ್‌ನ ಬ್ರಾಂಡನ್ ಊರಿನವರು ನೆಪೋಲಿಯನ್ ಕಾಲದಲ್ಲಿ ಇದನ್ನೇ ಸೀಳಿ ಸೀಳಿ ಸೈನ್ಯಕ್ಕೆ ಕಳಿಸ್ತಿದ್ದದ್ದು. ಕುದುರೆ ಬಾಯಲ್ಲಿ ಕಲ್ಲಿಗೆ ತೊಗಲಿನ ತುಂಡು ಸುತ್ತಿ ಬಿಗೀಬೇಕು, ಅಂಚು ಫ್ರಿಜನ್ನಿನ ಅಗಲಕ್ಕೆ ಸಮಾಂತರ ಇರಬೇಕು.

ಹೊಸ ಕೋವಿನ ಕಾಗದದ ಮೇಲೆ ಪಳಗಿಸೋಕೆ ಬೇಸಿಗೆ ಪೂರ್ತಿ ಹೋಯ್ತು. ಅಳಿಲಿನ ತಲೆ ಅಂದ್ರೆ ಒಂದೂವರೆ ಇಂಚಿನ ಗುರಿ, ನಾನು ಒಂದು ಇಂಚಿನ ಕರಿ ಚುಕ್ಕಿ ಅಂಟಿಸ್ಕೊಂಡು 25 ಗಜ (ಯಾರ್ಡ್) ದೂರದಿಂದ ಶುರು ಮಾಡಿದೆ. ಆಗ ಕಲಿತಿದ್ದು, ಕಾಗದದ ತೂತಿಗಿಂತ ನೆಲದ ಮೇಲಿನ ಬಟ್ಟೆ ಜಾಸ್ತಿ ಹೇಳುತ್ತೆ ಅಂತ. ಗುಂಡಿನ ಸುತ್ತ ಎಣ್ಣೆ ಸವರಿದ ಹತ್ತಿ ಬಟ್ಟೆಯ ತುಣುಕು ಇಟ್ಟು ಒಳಗೆ ತಳ್ತೀವಲ್ಲ, ಈಡಾದ ಮೇಲೆ ಅದು ಆರೇಳು ಹೆಜ್ಜೆ ಮುಂದೆ ಹುಲ್ಲಿನ ಮೇಲೆ ಬಿದ್ದಿರುತ್ತೆ. ಎತ್ತಿ ಅಂಗೈ ಮೇಲೆ ಹರಡಿ ನೋಡಿ. ನಡುವೆ ಗುಂಡು ಕೂತಿದ್ದ ಕಡೆ ದುಂಡಗೆ ಕಪ್ಪು ಮಸಿ, ಅದರ ಸುತ್ತ ಸುರುಳಿ ಗೆರೆಗಳು ಒತ್ತಿದ ಗುರುತು, ಅಂಚು ಚೂರು ಬಿಚ್ಚಿಕೊಂಡಿರುತ್ತೆ, ಅಷ್ಟಿದ್ರೆ ಸರಿ ಇದೆ. ನಡುವೆ ಸುಟ್ಟು ತೂತಾಗಿದ್ರೆ ಬಟ್ಟೆ ತೆಳು ಅಥವಾ ಎಣ್ಣೆ ಕಮ್ಮಿ, ಗೆರೆ ಗೆರೆಯಾಗಿ ಹರಿದಿದ್ರೆ ಹೊಸ ಬ್ಯಾರಲ್ಲಿನ ರೈಫ್ಲಿಂಗ್ ಅಂದ್ರೆ ಒಳಗಿನ ಸುರುಳಿ ಗೆರೆಗಳ ಅಂಚು ಇನ್ನೂ ಚೂಪಾಗಿದೆ. ನನ್ನದು ಮೊದಲು ಹರೀತಿತ್ತು, ಐವತ್ತು ಅರವತ್ತು ಈಡಾದ್ಮೇಲೆ ನಿಂತಿತು. .015 ಇಂಚಿನ ಬಟ್ಟೆ, .350 ಗುಂಡು, 25 ಗ್ರೇನ್ ಮದ್ದು, ಇದಕ್ಕೆ ಐದು ಗುಂಡು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಿದ್ದಾಗ ಸಾಕು ಅನ್ನಿಸ್ತು. 40 ಗಜಕ್ಕೆ ಹೋದ್ರೆ ಅಂಗೈಯಷ್ಟು ಹರಡುತ್ತೆ, ಹಂಗಾಗಿ ಮೂವತ್ತು ಗಜ ದಾಟಿದ ಅಳಿಲು ನನ್ನದಲ್ಲ. ಹಿಂದೆ ಕಾಂಡ ಇಲ್ದೇ ಬರೀ ಆಕಾಶ ಇದ್ರೂ ನನ್ನದಲ್ಲ, ಗುಂಡು ಸಣ್ಣದು ಅಂತ ಅದು ಬೀಳೋ ಕಡೆ ಯಾರೂ ಇರಲ್ಲ ಅಂತ ಹೇಳೋಕಾಗಲ್ಲ.

ಹೋದ ಅಕ್ಟೋಬರಿನಲ್ಲಿ ಅದೇ ಕಾಡಿಗೆ ಹೋದೆ, ಆ ಹಿಕರಿ ಮರಕ್ಕಿಂತ ಸ್ವಲ್ಪ ಕೆಳಗೆ, ಓಕ್ ಮರಗಳ ನಡುವೆ ಕೂತೆ. ರಾತ್ರಿ ಮಂಜು ಬಿದ್ದು ಎಲ್ಲಾ ಒದ್ದೆ. ಅರ್ಧ ಗಂಟೆಗೊಮ್ಮೆ ಬಟ್ಟಲಿನ ಹಳೇ ರಂಜಕ ಒರೆಸಿ ತೆಗೆದು ಹೊಸದು ಹಾಕ್ತಿದ್ದೆ, ಸೂಜಿಯಲ್ಲಿ ಟಚ್‌ಹೋಲ್ ಚುಚ್ಚಿ ನೋಡ್ತಿದ್ದೆ, ಲಾಕ್ ಮೇಲೆ ಮೇಣ ಸವರಿದ ತೊಗಲಿನ ಹೊದಿಕೆ ಇತ್ತು. ಮೊದಲನೇ ಅಳಿಲು ನಲವತ್ತು ಗಜದಲ್ಲಿ ಬಂದು ಹೋಯ್ತು. ಎರಡನೇದು ಬಿದ್ದ ಮರದ ಮೇಲೆ ಓಡಿ ಬಂದು ಇಪ್ಪತ್ತರಲ್ಲಿ ಕೂತು ಓಕ್ ಕಾಯಿ ಬಾಯಿಗಿಟ್ಟಿತು, ಹಿಂದೆ ದಪ್ಪ ಕಾಂಡ. ಹೊದಿಕೆ ಸರಿಸಿ ಕುದುರೆ ಪೂರ್ತಿ ಎಳೆದೆ, ಸದ್ದಿಗೆ ಅದು ತಲೆ ಎತ್ತಿತು. ಒತ್ತಿದ ಮೇಲೂ ಕಣ್ಣು ಸೈಟಿನಿಂದ ತೆಗೀಬಾರದು ಅಂತ ಬೇಸಿಗೆ ಪೂರ್ತಿ ನನಗೆ ನಾನೇ ಹೇಳ್ಕೊಂಡಿದ್ದೆ. ಬಟ್ಟಲಿನ ಬೆಂಕಿ, ಕೋವಿಯ ಸದ್ದು ಎರಡೂ ಒಂದೇ ಆಗಿ ಕೇಳಿಸ್ತು. ಹೊಗೆ ಮೆಲ್ಲಗೆ ಪಕ್ಕಕ್ಕೆ ಸರಿದಾಗ ಅಳಿಲು ಕೂತಲ್ಲೇ ಮರದ ಮೇಲೆ ಒರಗಿತ್ತು, ಕಾಯಿ ಇನ್ನೂ ಬಾಯಲ್ಲೇ ಇತ್ತು.

ಕ್ಲಬ್ಬಿನ ಆ ಹೆಂಗಸು ನನಗೆ ಒಂದು ಮರದ ಹಲಗೆ ಮಾಡ್ಕೊಟ್ಟಿದ್ದಾರೆ, ಕೊರಳಿಗೆ ಹಾಕ್ಕೊಳ್ಳೋದು, ಬಟ್ಟೆ ಸುತ್ತಿದ ಗುಂಡುಗಳನ್ನ ಮೊದಲೇ ಒತ್ತಿಟ್ಕೊಳ್ಳೋಕೆ ಅದರಲ್ಲಿ ತೂತುಗಳಿರ್ತವೆ, ಚಳಿಯಲ್ಲಿ ಬೆರಳು ತಡಕಾಡೋದು ತಪ್ಪುತ್ತೆ. ಈ ರಾಜ್ಯದಲ್ಲಿ ದಿನಕ್ಕೆ ಆರು ಅಳಿಲು ಮಿತಿ, ಅದಕ್ಕೆ ಆರೇ ತೂತು ಕೊರೆದಿದ್ದಾರೆ. ಆ ದಿನ ಮನೆಗೆ ಬಂದು ಬಿಸಿನೀರು ಸೋಪಲ್ಲಿ ನಳಿಗೆ ತೊಳೆದು, ಒರೆಸಿ, ಎಣ್ಣೆ ಹಚ್ಚಿ, ಹಲಗೆನ ಗೋಡೆಗೆ ನೇತು ಹಾಕಿದೆ. ಐದು ತೂತು ತುಂಬಿದ್ದವು.